ಕೊನೆ ಗದ್ದೆಗೂ ನೀರು ತಲುಪಬೇಕು: ಆಪರೇಷನ್ ಹೊತ್ತಿನ ಬೀಪಿ ಮತ್ತು ಕಿಡ್ನಿ

ಹೋದ ತಿಂಗಳು ಮಂಡ್ಯದಲ್ಲಿ ಜನರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಅವತ್ತು ಹೊತ್ತಾಯಿತು ಅಂತ ಬಿಟ್ಟ ಒಂದೆರಡು ಮಾತನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಅರಿವಳಿಕೆ ವೈದ್ಯ. ನಮ್ಮ ಕಡೆ ಹೇಳುವ ಹಾಗೆ, ಮತ್ತು ಕೊಡೋ ಡಾಕ್ಟ್ರು.

ಆಪರೇಷನ್ ಹಿಂದಿನ ಸಂಜೆ ನಾವು ವಾರ್ಡಿಗೆ ಹೋಗಿ ಪೇಷೆಂಟನ್ನು ಮಾತಾಡಿಸಿ ಬರುತ್ತೇವೆ. ಒಂದು ಸಲ ಮದ್ದೂರಿನ ಕಡೆಯ ಯಜಮಾನರೊಬ್ಬರು, ಅವರ ಹೆಂಡತಿಗೆ ಮಾರನೇ ದಿನ ದೊಡ್ಡ ಆಪರೇಷನ್ ಇತ್ತು, ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು ಕೇಳಿದರು: "ಅಲ್ಲಾ ಸಾ, ನೀವು ಮತ್ತು ಬರೋ ಇಂಜೆಕ್ಷನ್ ಕೊಟ್ಬುಟ್ರೆ ನಿಮ್ ಕೆಲ್ಸ ಮುಗೀತಲ್ಲ, ಆಮೇಲೆ ಎಲ್ಲೋಗ್ತೀರಾ?" ಒಳ್ಳೆ ಪ್ರಶ್ನೆ. ನಾವು ಎಲ್ಲೂ ಹೋಗುವುದಿಲ್ಲ. ಐದು ಗಂಟೆಯ ಆಪರೇಷನ್ ಆದರೆ ಐದು ಗಂಟೆಯೂ ಪೇಷೆಂಟಿನ ತಲೆ ಹತ್ತಿರ ಇರುತ್ತೇವೆ. ಅಲ್ಲಿ ಏನು ಮಾಡುತ್ತೇವೆ ಅನ್ನುವುದರಲ್ಲಿ ಒಂದೇ ಒಂದು ಭಾಗವನ್ನು ಇವತ್ತು ಹೇಳುತ್ತೇನೆ. ಬೀಪಿ ಕಾಯುವುದು. ಅದರಲ್ಲೂ ಕಿಡ್ನಿಗಾಗಿ ಕಾಯುವುದು.

ಕಿಡ್ನಿಗಾಗಿ ಯಾಕೆ ಅಂದರೆ, ಒಂದೊಂದು ಕಿಡ್ನಿಯ ತೂಕ ಸುಮಾರು 150 ಗ್ರಾಂ. ಎರಡೂ ಸೇರಿದರೆ ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ. ಆದರೆ ಹೃದಯ ಒಂದು ನಿಮಿಷಕ್ಕೆ ಐದು ಲೀಟರ್ ರಕ್ತ ಒತ್ತಿದರೆ ಅದರಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ಈ ಎರಡಕ್ಕೇ ಹೋಗುತ್ತದೆ. ಇಷ್ಟು ರಕ್ತ ಸಿಗುವ ಅಂಗಕ್ಕೆ ಕೊರತೆ ಎಲ್ಲಿಂದ ಬರಬೇಕು ಅನ್ನಿಸುತ್ತದೆ, ಅಲ್ವಾ? ನನಗೂ ಓದುವಾಗ ಹಾಗೇ ಅನ್ನಿಸಿತ್ತು.

ಇದು ಮಂಡ್ಯದವರಿಗೆ ಬೇಗ ಅರ್ಥವಾಗುತ್ತದೆ. ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) 124.80 ಅಡಿ, ಅಂದರೆ ಪೂರ್ತಿ, ತುಂಬಿದ ವರ್ಷವೂ ಅದರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದ ರೈತರು ನಮ್ಮ ಗದ್ದೆಗೆ ನೀರು ಬರಲಿಲ್ಲ ಅಂತ ರಸ್ತೆಗೆ ಬರುತ್ತಾರೆ. ಕಟ್ಟೆಯಲ್ಲಿ ನೀರಿದೆ, ನಾಲೆಯಲ್ಲೂ ಇದೆ, ಮೇಲಿನ ಬಯಲಿನಲ್ಲಿ ಗದ್ದೆ ಕೆಸರಾಗಿ ನಿಂತಿದೆ, ಕೊನೆಯಲ್ಲಿ ಮಾತ್ರ ಬಿರುಕು. ಕಿಡ್ನಿ ಒಳಗೂ ಇದೇ ಕಥೆ. ಬಂದ ರಕ್ತದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಪದರಕ್ಕೇ ಹೋಗುತ್ತದೆ, ಯಾಕೆಂದರೆ ರಕ್ತ ಸೋಸುವ ಜರಡಿಗಳು ಇರುವುದು ಅಲ್ಲಿ. ಒಳಪದರಕ್ಕೆ ಸಿಗುವುದು ಉಳಿದ ಒಂದು ಪಾಲು. ಆದರೆ ಸೋಸಿ ಬಂದ ನೀರಿನಿಂದ ಉಪ್ಪನ್ನು ವಾಪಸ್ ಎಳೆದುಕೊಳ್ಳುವ ಕೆಲಸದಲ್ಲಿ ಒಂದು ಒಳ್ಳೆ ಪಾಲು ಈ ಒಳಪದರದ್ದು, ಸಿಗುವ ರಕ್ತಕ್ಕೆ ಹೋಲಿಸಿದರೆ ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು. ದುಡಿಮೆ ಜಾಸ್ತಿ, ನೀರು ಕಮ್ಮಿ. ನೀವು ಆರಾಮಾಗಿ ಜಗುಲಿ ಮೇಲೆ ಕೂತಿರುವಾಗಲೂ ಆ ಜಾಗ ಆಮ್ಲಜನಕದ ಕೊರತೆಯ ಅಂಚಿನಲ್ಲೇ ಇರುತ್ತದೆ. ಬೀಪಿ ಇಳಿದಾಗ ಮೊದಲು ಒಣಗುವ ಕೊನೆ ಗದ್ದೆ ಅದು.

ಹಾಗಂತ ಬೀಪಿ ಚೂರು ಇಳಿದ ಕೂಡಲೇ ಕಿಡ್ನಿ ಕೆಡುವುದಿಲ್ಲ. ಕಿಡ್ನಿಗೆ ಅದರದ್ದೇ ತೂಬುಗಳಿವೆ. ರಕ್ತ ಒಳಗೆ ಬರುವ ದಾರಿಯಲ್ಲಿ ಒಂದು, ಹೊರಗೆ ಹೋಗುವ ದಾರಿಯಲ್ಲಿ ಒಂದು. ಒತ್ತಡ ಕಮ್ಮಿಯಾದರೆ ಒಳತೂಬು ಅಗಲವಾಗುತ್ತದೆ, ಹೊರತೂಬು ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಜರಡಿಯ ಹತ್ತಿರ ಒತ್ತಡ ನಿಲ್ಲುತ್ತದೆ. ಯಾರೂ ಹೇಳಿಕೊಡಬೇಕಿಲ್ಲ, ತಾನೇ ಮಾಡಿಕೊಳ್ಳುತ್ತದೆ. ಆದರೆ ನಾಲೆಯ ಮಟ್ಟ ತೂಬಿಗಿಂತ ಕೆಳಗಿಳಿದರೆ ಎಷ್ಟು ತೆರೆದಿಟ್ಟರೂ ಗದ್ದೆಗೆ ನೀರು ಬರುವುದಿಲ್ಲವಲ್ಲ, ಹಾಗೆ ಒಂದು ಮಟ್ಟದ ಕೆಳಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿಂದ ಮುಂದೆ ಬೀಪಿ ಎಷ್ಟು ಇಳಿಯುತ್ತದೋ ಕಿಡ್ನಿಯ ರಕ್ತವೂ ಅಷ್ಟೇ ಇಳಿಯುತ್ತದೆ.

ಆ ಮಟ್ಟ ಎಷ್ಟು? ಇಲ್ಲಿ ಒಂದು ಸಣ್ಣ ಲೆಕ್ಕ ಬೇಕು. ನೀವು 120/80 ಅನ್ನುತ್ತೀರಿ. ನಾವು ಆಪರೇಷನ್ ಥಿಯೇಟರಿನಲ್ಲಿ ನೋಡುವುದು ಆ ಎರಡರ ನಡುವಿನ ಇನ್ನೊಂದು ಅಂಕಿಯನ್ನು, ಸರಾಸರಿ ಒತ್ತಡವನ್ನು. ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ, ಬಂದದ್ದರಲ್ಲಿ ಮೂರನೇ ಒಂದು ಭಾಗವನ್ನು ಕೆಳಗಿನದಕ್ಕೆ ಸೇರಿಸಿ. 120/80 ಆದರೆ 93. 90/50 ಆದರೆ 63. ಸಾಮಾನ್ಯವಾಗಿ ಈ ಸರಾಸರಿ 65ರ ಕೆಳಗೆ ಹೋಗಲು ನಾವು ಬಿಡುವುದಿಲ್ಲ. 60 ಮುಟ್ಟಿದರೆ ಕೈ ತಾನಾಗಿ ಸಿರಿಂಜಿನ ಕಡೆ ಹೋಗುತ್ತದೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 33,330 ಆಪರೇಷನ್‌ಗಳ ದಾಖಲೆ ತೆಗೆದು ನೋಡಿ 2013ರಲ್ಲಿ ಒಂದು ವರದಿ ಬರೆದರು. ಎಲ್ಲವೂ ಹೃದಯ ಬಿಟ್ಟು ಬೇರೆ ಆಪರೇಷನ್‌ಗಳು. ಅವರಲ್ಲಿ ನೂರಕ್ಕೆ ಏಳು ಜನಕ್ಕಿಂತ ಜಾಸ್ತಿ ಮಂದಿಗೆ ಆಪರೇಷನ್ ಆದ ಮೇಲೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಸರಾಸರಿ ಒತ್ತಡ 55ರ ಕೆಳಗೆ ಒಂದರಿಂದ ಐದು ನಿಮಿಷ ಇದ್ದವರಲ್ಲೂ ಆ ಅಪಾಯ ಸ್ವಲ್ಪ ಏರಿತ್ತು, ಇಪ್ಪತ್ತು ನಿಮಿಷ ದಾಟಿದವರಲ್ಲಿ ಇನ್ನೂ ಜಾಸ್ತಿ. ಐದು ನಿಮಿಷ! ಗಂಟೆಗಟ್ಟಲೆ ಬೀಪಿ ಬಿದ್ದಿದ್ದರೆ ತೊಂದರೆ ಅಂತ ಎಲ್ಲರಿಗೂ ಗೊತ್ತಿತ್ತು. ನಿಮಿಷಗಳ ಲೆಕ್ಕಕ್ಕೆ ಬಂತು ಅಂದಾಗ ನಾವೆಲ್ಲ ನಮ್ಮ ಹಳೆ ಚಾರ್ಟುಗಳನ್ನು ಬೇರೆ ಕಣ್ಣಿನಿಂದ ನೋಡಬೇಕಾಯಿತು.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಬೀಪಿ ಬಿದ್ದವರಲ್ಲಿ ಕಿಡ್ನಿ ಕೆಟ್ಟಿತು ಅಂದ ಮಾತ್ರಕ್ಕೆ ಬೀಪಿಯಿಂದಲೇ ಕೆಟ್ಟಿತು ಅಂತಲ್ಲ. ಮೊದಲೇ ಸೊರಗಿದವರ ಬೀಪಿಯೂ ಬೀಳುತ್ತದೆ, ಕಿಡ್ನಿಯೂ ಕೆಡುತ್ತದೆ. ಅದಕ್ಕೇ ಎರಡು ಗುಂಪು ಮಾಡಿ ಹೋಲಿಸಿ ನೋಡಬೇಕು. ಫ್ರಾನ್ಸಿನಲ್ಲಿ ಹಾಗೆ ಮಾಡಿ 2017ರಲ್ಲಿ ಪ್ರಕಟಿಸಿದರು, ಸುಮಾರು 300 ಜನ, ಎಲ್ಲರೂ ಅಪಾಯ ಜಾಸ್ತಿ ಇದ್ದವರು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ, ಇನ್ನೊಂದು ಗುಂಪಿನಲ್ಲಿ ಪ್ರತಿಯೊಬ್ಬರ ಬೀಪಿಯನ್ನೂ ಅವರವರ ಮಾಮೂಲಿ ಬೀಪಿಯ ಹತ್ತಿರವೇ, ಶೇಕಡ 10ರ ಒಳಗೆ, ಹಿಡಿದಿಟ್ಟರು. ಕಿಡ್ನಿ ಸೇರಿದಂತೆ ಅಂಗಗಳಿಗೆ ತೊಂದರೆಯಾದದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 52, ಎರಡನೆಯದರಲ್ಲಿ 38. ಆಮೇಲೆ ಇನ್ನೂ ದೊಡ್ಡ ಪ್ರಯೋಗ ನಡೆಯಿತು, 7,490 ಜನರ ಮೇಲೆ. ಅದರಲ್ಲಿ ಸರಾಸರಿ ಒತ್ತಡವನ್ನು ಒಂದು ಗುಂಪಿಗೆ 80ರ ಮೇಲೆ, ಇನ್ನೊಂದಕ್ಕೆ 60ರ ಮೇಲೆ ಇಡುವ ಗುರಿ. ಹೃದಯ, ರಕ್ತನಾಳಗಳ ತೊಂದರೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನಲ್ಲಿ 60ರ ಕೆಳಗೆ ಬಿಡಬಾರದು ಅಂತ ಇತ್ತು ಅನ್ನುವುದನ್ನು ಗಮನಿಸಿ. ಹಾಗಾಗಿ ಎಲ್ಲರಿಗೂ ಬೀಪಿ ಏರಿಸಿಟ್ಟರೆ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಕೆಳಗೆ ಬೀಳಲು ಬಿಡಬಾರದು, ಯಾರಿಗೆ ಎಷ್ಟು ಅನ್ನುವುದನ್ನು ಅವರವರ ಮೈ ನೋಡಿ ತೀರ್ಮಾನಿಸಬೇಕು. ನನ್ನ ನಿಲುವು ಇದು.

ಅವರವರ ಮೈ ಅಂದೆ. ಇದು ನಿಮಗೆ ಬಹಳ ಮುಖ್ಯ. ಹತ್ತು ಹದಿನೈದು ವರ್ಷದಿಂದ 160/90 ಇರುವ ಅಜ್ಜಿಯನ್ನು ತೆಗೆದುಕೊಳ್ಳಿ. ಅವರ ಸರಾಸರಿ 113. ಅವರ ಕಿಡ್ನಿಯ ತೂಬುಗಳು ಆ ಮಟ್ಟಕ್ಕೇ ಒಗ್ಗಿಹೋಗಿವೆ. ಥಿಯೇಟರಿನಲ್ಲಿ ಅವರಿಗೆ 100/60 ತೋರಿಸಿದರೆ ನೋಡಿದವರು ಚೆನ್ನಾಗಿದೆ ಅನ್ನಬಹುದು. ಸರಾಸರಿ 73, ನಾನು ಹೇಳಿದ 65ಕ್ಕಿಂತ ಮೇಲೇ ಇದೆ. ಆದರೆ ಆ ಅಜ್ಜಿಯ ಪಾಲಿಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದಿದೆ. ಅದೇ 100/60, ತೆಳ್ಳಗಿರುವ ಇಪ್ಪತ್ತೈದರ ಹುಡುಗಿಗೆ ಮಾಮೂಲಿ. ನನ್ನ ಮುಂದೆ ಮಲಗಿರುವವರು ಅಜ್ಜಿಯೋ ಹುಡುಗಿಯೋ ಅನ್ನುವುದು ಕಣ್ಣಿಗೆ ಕಾಣುತ್ತದೆ, ಅವರ ಮನೆಯಲ್ಲಿನ ಬೀಪಿ ಎಷ್ಟಿತ್ತು ಅನ್ನುವುದು ಕಾಣುವುದಿಲ್ಲ. ಅದನ್ನು ನೀವೇ ತಂದುಕೊಡಬೇಕು. ಆಪರೇಷನ್ ದಿನ ಬೆಳಿಗ್ಗೆ ಗಾಬರಿಯಲ್ಲಿ ನೋಡಿದ ಒಂದು ಬೀಪಿಯಿಂದ ಅದು ಸಿಗುವುದಿಲ್ಲ.

ಈಗ ಕಾಯುವುದು ಹೇಗೆ ಅಂತ ಹೇಳುತ್ತೇನೆ. ತೋಳಿಗೆ ಪಟ್ಟಿ ಸುತ್ತಿ ಬೀಪಿ ನೋಡುವುದನ್ನು ಇಟಲಿಯ ರೀವಾ ರೋಚಿ ಅನ್ನುವ ವೈದ್ಯರು 1896ರಲ್ಲಿ ತೋರಿಸಿಕೊಟ್ಟರು. ಅಮೆರಿಕದ ಸರ್ಜನ್ ಹಾರ್ವಿ ಕುಶಿಂಗ್ ಅದನ್ನು 1901ರಲ್ಲಿ ಇಟಲಿಯಲ್ಲಿ ನೋಡಿ ತಮ್ಮ ದೇಶಕ್ಕೆ ತೆಗೆದುಕೊಂಡು ಹೋಗಿ ಆಪರೇಷನ್ ಹೊತ್ತಿನಲ್ಲಿ ಬಳಸಬೇಕು ಅಂತ ಹಟ ಹಿಡಿದರು. ಅದೇ ಪಟ್ಟಿ, ಈಗ ಮೆಷಿನ್ನೇ ಊದುತ್ತದೆ. ಸಣ್ಣ ಆಪರೇಷನ್‌ಗೆ ಅದು ಸಾಕು. ಆದರೆ ಐದು ನಿಮಿಷಕ್ಕೊಮ್ಮೆ ಊದುವಂತೆ ಇಟ್ಟಿದ್ದರೆ, ಊದಿ ಮುಗಿದ ಮರುಕ್ಷಣ ಬೀಪಿ ಬಿದ್ದರೂ ಮುಂದಿನ ಸಲದವರೆಗೆ ನನಗೆ ಗೊತ್ತಾಗುವುದಿಲ್ಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬೀಪಿಯನ್ನು ಇದೆ ಅಂತ ತೋರಿಸುತ್ತದೆ, ಅದು ಬೇರೆ.

ಅದಕ್ಕೇ ದೊಡ್ಡ ಆಪರೇಷನ್‌ಗಳಲ್ಲಿ, ರಕ್ತ ಜಾಸ್ತಿ ಹೋಗಬಹುದಾದ ಕಡೆ, ಮಣಿಕಟ್ಟಿನಲ್ಲಿ ನಾಡಿ ಸಿಗುವ ಜಾಗದಲ್ಲಿ ರಕ್ತನಾಳದೊಳಕ್ಕೇ ಸಣ್ಣ ಪ್ಲಾಸ್ಟಿಕ್ ನಳಿಗೆ ಇಡುತ್ತೇವೆ. ಅದರಿಂದ ಒಂದು ಗಟ್ಟಿ ಟ್ಯೂಬು, ಟ್ಯೂಬಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಅನ್ನುವ ಬೆರಳುದ್ದದ ಸಾಧನ. ಹೃದಯದ ಪ್ರತಿ ಬಡಿತಕ್ಕೂ ಪರದೆ ಮೇಲೆ ಒಂದು ಕೆಂಪು ಅಲೆ ಏಳುತ್ತದೆ. ಐ.ಸಿ.ಯು.ನಲ್ಲಿ ನಿಮ್ಮವರ ಕೈಗೆ ಹೀಗೆ ಕಟ್ಟಿರುವುದನ್ನು ನೋಡಿ ಗಾಬರಿ ಆಗಬೇಡಿ.

ಈ ಟ್ರಾನ್ಸ್‌ಡ್ಯೂಸರ್ ಬಗ್ಗೆ ನನ್ನದೇ ಒಂದು ತಪ್ಪು ಹೇಳಬೇಕು. ನಾನು ಕಲಿಯುತ್ತಿದ್ದ ಕಾಲ. ಒಂದು ಆಸ್ಪತ್ರೆಯಲ್ಲಿ ಕರುಳಿನ ಕ್ಯಾನ್ಸರಿನ ಆಪರೇಷನ್, ಅರವತ್ತರ ಆಸುಪಾಸಿನ ರೈತರು. ಮಣಿಕಟ್ಟಿಗೆ ನಳಿಗೆ ಹಾಕಿದ್ದೆವು, ಟ್ರಾನ್ಸ್‌ಡ್ಯೂಸರನ್ನು ಡ್ರಿಪ್ ಸ್ಟ್ಯಾಂಡಿಗೆ ಸಿಕ್ಕಿಸಿ ಅವರ ಎದೆ ಮಟ್ಟಕ್ಕೆ ಸರಿ ಮಾಡಿದ್ದೆವು. ಅದು ಹೃದಯದ ಮಟ್ಟದಲ್ಲೇ ಇರಬೇಕು. ಹತ್ತು ಸೆಂಟಿಮೀಟರ್ ಕೆಳಗಾದರೆ ಏಳೂವರೆ ಅಂಕಿ ಸುಳ್ಳಾಗಿ ಜಾಸ್ತಿ ತೋರಿಸುತ್ತದೆ, ಮೇಲಾದರೆ ಅಷ್ಟೇ ಕಮ್ಮಿ. ಅರ್ಧ ದಾರಿಯಲ್ಲಿ ಸರ್ಜನ್ ಟೇಬಲ್ ಎತ್ತರಿಸಿ ಅಂದರು. ಎತ್ತರಿಸಿದೆವು. ಪೇಷೆಂಟ್ ಒಂದು ಗೇಣು ಮೇಲೆ ಹೋದರು, ಸ್ಟ್ಯಾಂಡಿನಲ್ಲಿದ್ದ ಟ್ರಾನ್ಸ್‌ಡ್ಯೂಸರ್ ಇದ್ದಲ್ಲೇ ಉಳಿಯಿತು. ಪರದೆ ಮೇಲೆ ಸರಾಸರಿ 72 ಅಂತಿತ್ತು. ನಾನು ನಿರಾಳವಾಗಿ ಚಾರ್ಟಿನಲ್ಲಿ 72, 71, 73 ಅಂತ ಬರೆಯುತ್ತಾ ಕೂತೆ. ಸುಮಾರು ನಲವತ್ತು ನಿಮಿಷ ಆದ ಮೇಲೆ ಸೀನಿಯರ್ ಮೇಡಂ ಒಳಗೆ ಬಂದವರು ಪರದೆ ನೋಡಲಿಲ್ಲ, ಮೊದಲು ಪೇಷೆಂಟಿನ ಎದೆ ನೋಡಿದರು, ಆಮೇಲೆ ಸ್ಟ್ಯಾಂಡ್ ನೋಡಿದರು. ಮಾತಾಡದೆ ಟ್ರಾನ್ಸ್‌ಡ್ಯೂಸರನ್ನು ಮೇಲಕ್ಕೆ ಸರಿಸಿದರು. 72 ಇದ್ದದ್ದು 57 ಆಯಿತು.

ಮೂರನೇ ದಿನ ಆ ರೈತರ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 0.9ರಿಂದ 1.8ಕ್ಕೆ ಏರಿತ್ತು. ಕಾಲು ಊದಿತ್ತು. ಎರಡು ವಾರದ ಮೇಲೆ ಇಳಿಯಿತು, ಮನೆಗೆ ಹೋದರು. ಅದೊಂದೇ ಕಾರಣ ಅಂತ ಯಾರೂ ಹೇಳಲಾರರು, ರಕ್ತವೂ ಹೋಗಿತ್ತು. ಆದರೆ ಆ ನಲವತ್ತು ನಿಮಿಷ ಕಿಡ್ನಿಗೆ ನೀರು ಸಾಲುತ್ತಿರಲಿಲ್ಲ, ನಾನು ಪಕ್ಕದಲ್ಲೇ ಇದ್ದೆ. ಅವತ್ತಿನಿಂದ ಟೇಬಲ್ ಅಲುಗಿದ ಪ್ರತಿ ಸಲವೂ ನನ್ನ ಕೈ ಆ ಸ್ಟ್ಯಾಂಡಿಗೆ ಹೋಗುತ್ತದೆ. ನನ್ನ ಹತ್ತಿರ ಕಲಿಯಲು ಬರುವ ಹುಡುಗರಿಗೂ ಮೊದಲ ದಿನ ಇದನ್ನೇ ಹೇಳುತ್ತೇನೆ.

ಬೀಪಿ ಇಳಿದದ್ದು ಗೊತ್ತಾಯಿತು ಅಂತಿಟ್ಟುಕೊಳ್ಳಿ, ಏನು ಮಾಡುತ್ತೇವೆ? ಯಾಕೆ ಇಳಿಯಿತು ಅಂತ ನೋಡಬೇಕು. ಮತ್ತಿನ ಔಷಧಿ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ನಾಲೆ ಅಗಲವಾಯಿತು, ನೀರು ಅಷ್ಟೇ ಇದೆ, ಮಟ್ಟ ಇಳಿಯಿತು. ಎಷ್ಟೋ ಸಲ ಸರ್ಜನ್ ಚಾಕು ಇಡುವ ಮೊದಲೇ ಹೀಗಾಗುತ್ತದೆ. ಅದಕ್ಕೆ ರಕ್ತನಾಳ ಬಿಗಿ ಮಾಡುವ ಔಷಧಿ, ನಾರ್ಅಡ್ರಿನಾಲಿನ್, ಫಿನೈಲ್‌ಎಫ್ರಿನ್ ಇಂಥವು. ಮತ್ತಿನ ಔಷಧಿಯೇ ಜಾಸ್ತಿಯಾಗಿದ್ದರೆ ಅದನ್ನು ಕಮ್ಮಿ ಮಾಡುತ್ತೇವೆ. ರಕ್ತ ಹೋಗಿದ್ದರೆ ಡ್ರಿಪ್ಪು, ರಕ್ತ. ಕೆಲವು ಸಲ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳದ ಮೇಲೆ ಒತ್ತು ಬಿದ್ದು ಹೃದಯಕ್ಕೆ ರಕ್ತ ವಾಪಸ್ ಬರುತ್ತಿರುವುದಿಲ್ಲ. ಆಗ "ಸರ್, ಒಂದು ನಿಮಿಷ ಕೈ ಸಡಿಲ ಮಾಡಿ" ಅಂದರೆ ಸಾಕು, ಯಾವ ಔಷಧಿಯೂ ಬೇಡ. ಕಾರಣ ನೋಡದೆ ಸುಮ್ನೆ ಡ್ರಿಪ್ ಹರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹಾಗಂತ ತೀರಾ ಕಂಜೂಸಿಯೂ ಕೂಡದು: 3,000 ಜನರ ಮೇಲೆ ಮಾಡಿ 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೊಟ್ಟೆಯ ದೊಡ್ಡ ಆಪರೇಷನ್‌ಗೆ ನೀರಿನಂಶ ಹಿಡಿದು ಹಿಡಿದು ಕೊಟ್ಟವರಲ್ಲಿ ನೂರಕ್ಕೆ 8.6 ಮಂದಿಗೆ ಕಿಡ್ನಿ ಪೆಟ್ಟು, ಧಾರಾಳವಾಗಿ ಕೊಟ್ಟವರಲ್ಲಿ 5.

"ಕಿಡ್ನಿಗೆ ಏನೂ ಆಗದ ಹಾಗೆ ಒಂದು ಇಂಜೆಕ್ಷನ್ ಕೊಟ್ಬುಡಿ" ಅನ್ನುವವರಿದ್ದಾರೆ. ಅಂಥದ್ದು ಇಲ್ಲ. ಡೋಪಮಿನ್ ಅನ್ನುವ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಹರಿಸಿದರೆ ಕಿಡ್ನಿ ಉಳಿಯುತ್ತದೆ ಅಂತ ವರ್ಷಗಟ್ಟಲೆ ನಂಬಿದ್ದೆವು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ವೈದ್ಯರು ಐ.ಸಿ.ಯು.ಗಳಲ್ಲಿ ಪರೀಕ್ಷಿಸಿ 2000ದಲ್ಲಿ ಅದರಿಂದ ಉಪಯೋಗ ಇಲ್ಲ ಅಂತ ತೋರಿಸಿದರು. ಉಚ್ಚೆ ಬರುವ ಇಂಜೆಕ್ಷನ್ ಕೊಟ್ಟರೆ ಚೀಲ ತುಂಬುತ್ತದೆ, ಕಿಡ್ನಿ ಉಳಿದಂತಾಗುವುದಿಲ್ಲ.

ಕಿಡ್ನಿಯ ಕಷ್ಟ ಏನೆಂದರೆ ಇಂಥ ಪೆಟ್ಟು ಬಿದ್ದಾಗ ನೋವಾಗುವುದಿಲ್ಲ. ಟೇಬಲ್ ಮೇಲೆ ಪೆಟ್ಟು ಬಿದ್ದದ್ದು ರಕ್ತದಲ್ಲಿ ಕಾಣಲು ಒಂದೆರಡು ದಿನ ಬೇಕು. ಎರಡು ದಿನದೊಳಗೆ ಕ್ರಿಯಾಟಿನಿನ್ 0.3 ಏರಿದರೆ, ಅಥವಾ ವಾರದೊಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟಾದರೆ, ಅಥವಾ ಆರು ಗಂಟೆ ಕಾಲ ಮೂತ್ರ ಗಂಟೆಗೆ, ಮೈತೂಕದ ಪ್ರತಿ ಕೆಜಿಗೆ ಅರ್ಧ ಎಂ.ಎಲ್.ಗಿಂತ ಕಮ್ಮಿ ಬಂದರೆ ಪೆಟ್ಟು ಬಿದ್ದಿದೆ ಅಂತ ಲೆಕ್ಕ. 60 ಕೆಜಿಯವರಿಗೆ ಗಂಟೆಗೆ 30 ಎಂ.ಎಲ್. ಈಗ ನೋಡಿ, 0.7 ಇದ್ದದ್ದು 1.1 ಆದರೆ ಪೆಟ್ಟು ಬಿದ್ದಂತೆಯೇ. ಆದರೆ ಲ್ಯಾಬ್ ರಿಪೋರ್ಟಿನಲ್ಲಿ ಅದು ನಾರ್ಮಲ್ ಅಂತಲೇ ಇರುತ್ತದೆ, ದಪ್ಪ ಅಕ್ಷರ ಇರುವುದಿಲ್ಲ. ಹಳೆ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಅದಕ್ಕೇ ಹಳೆ ರಿಪೋರ್ಟ್ ಎಸೆಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಬಹಳಷ್ಟು ಜನರಿಗೆ ಇದು ಸರಿಹೋಗುತ್ತದೆ. ಆದರೆ ಒಮ್ಮೆ ಪೆಟ್ಟು ತಿಂದ ಕಿಡ್ನಿ ಮುಂದೆ ನಿಧಾನವಾಗಿ ಸೋಲುವ ಸಾಧ್ಯತೆ ಜಾಸ್ತಿ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದೆ. ಹೆಚ್ಚಿನವರು ಕೇಳಿದ್ದು ಉಪವಾಸದ ಬಗ್ಗೆ. ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರೂ ಕುಡಿಯದೆ, ಮಧ್ಯಾಹ್ನದ ಆಪರೇಷನ್‌ಗೆ ಒಣಗಿ ಬರುವವರನ್ನು ದಿನಾ ನೋಡುತ್ತೇನೆ. ಸಾಮಾನ್ಯವಾಗಿ ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು. ನಿಮ್ಮ ಅರಿವಳಿಕೆ ವೈದ್ಯರನ್ನು ಕೇಳಿ, ಅವರು ಹೂಂ ಅಂದರೆ ಕುಡಿಯಿರಿ.

ಕೊನೆಯಲ್ಲಿ ಒಬ್ಬ ಅವ್ವ ಎದ್ದು ಮುಂದೆ ಬಂದರು. ಮೈಸೂರಿನಲ್ಲಿ ಮಂಡಿ ಚಿಪ್ಪು ಬದಲಾಯಿಸುವ ಆಪರೇಷನ್ ಅಂತೆ, ಮುಂದಿನ ತಿಂಗಳು. "ಬೀಪಿ ಮಾತ್ರೆ ಅವತ್ತು ನುಂಗ್ಬೇಕಾ ಬ್ಯಾಡ್ವಾ ಮಗ?" ಅಂದರು. ಯಾವ ಮಾತ್ರೆ ಅವ್ವ ಅಂದೆ. ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಬೀಪಿಯ ಔಷಧಿ ಟೆಲ್ಮಿಸಾರ್ಟನ್ ಜೊತೆಗೆ ಉಚ್ಚೆ ಹೋಗುವ ಔಷಧಿಯನ್ನೂ ಸೇರಿಸಿದ ಮಾತ್ರೆಗಳ ಒಂದು ಪಟ್ಟಿ. ಇನ್ನೊಂದು ಅಸಿಕ್ಲೊಫೆನಾಕ್, ಮಂಡಿ ನೋವಿಗೆ, ಮೆಡಿಕಲ್ ಸ್ಟೋರಿನಿಂದ ಸೀದಾ ತಂದದ್ದು, ದಿನಕ್ಕೆರಡು. ನಾನು ಹೇಳಿದ ತೂಬುಗಳ ವಿಷಯ ಪೂರ್ತಿ ಆ ಕವರಿನಲ್ಲೇ ಇತ್ತು. ನೋವಿನ ಮಾತ್ರೆ ಒಳತೂಬನ್ನು ಅಗಲವಾಗಲು ಬಿಡುವುದಿಲ್ಲ, ಟೆಲ್ಮಿಸಾರ್ಟನ್ ಹೊರತೂಬನ್ನು ಮುಚ್ಚಲು ಬಿಡುವುದಿಲ್ಲ, ಉಚ್ಚೆ ಹೋಗುವ ಔಷಧಿ ಮೈಯ ನೀರನ್ನೇ ಕಮ್ಮಿ ಮಾಡುತ್ತದೆ. ಬೀಪಿ ಬಿದ್ದಾಗ ಆ ಕಿಡ್ನಿಗೆ ತನ್ನನ್ನು ಕಾಪಾಡಿಕೊಳ್ಳಲು ದಾರಿಯೇ ಇರುವುದಿಲ್ಲ.

ಟೆಲ್ಮಿಸಾರ್ಟನ್ ಜಾತಿಯ ಮಾತ್ರೆಯನ್ನು ಆಪರೇಷನ್ ದಿನ ನುಂಗಿದವರಿಗೆ ಟೇಬಲ್ ಮೇಲೆ ಬೀಪಿ ಇಳಿಯುವುದು ಜಾಸ್ತಿ, ಇದು 2024ರಲ್ಲಿ ಫ್ರಾನ್ಸಿನ 2,222 ಜನರ ಪ್ರಯೋಗದಲ್ಲೂ ಕಂಡಿದೆ. ಆದರೆ ಒಟ್ಟು ತೊಡಕುಗಳು ನಿಲ್ಲಿಸಿದವರಲ್ಲೂ ನುಂಗಿದವರಲ್ಲೂ ಒಂದೇ ಆಗಿತ್ತು. ಹಾಗಾಗಿ ನಿಲ್ಲಿಸುವುದೋ ಬೇಡವೋ ಅನ್ನುವುದನ್ನು ಅವರವರ ಅರಿವಳಿಕೆ ವೈದ್ಯರೇ ಹೇಳಬೇಕು. ಕೆಲವು ಬೀಪಿ ಮಾತ್ರೆಗಳನ್ನು ತಟಕ್ಕನೆ ನಿಲ್ಲಿಸಿದರೆ ಹೃದಯಕ್ಕೇ ತೊಂದರೆ, ಸ್ವಂತ ಬುದ್ಧಿಯಿಂದ ಯಾವುದನ್ನೂ ಬಿಡಬಾರದು. ನೋವಿನ ಮಾತ್ರೆ ಬಗ್ಗೆ ಮಾತ್ರ, ನಾಳೆಯೇ ನಿಮ್ಮ ಡಾಕ್ಟರಿಗೆ ತೋರಿಸಿ ಬದಲು ಮಾಡಿಸಿಕೊಳ್ಳಿ ಅವ್ವ ಅಂದೆ.

"ಬೀಪಿ ಎಷ್ಟಿರ್ತದೆ ಮನೇಲಿ?" ಅಂತ ಕೇಳಿದ್ದಕ್ಕೆ ಕವರಿನ ತಳದಿಂದ ಮೊಮ್ಮಗಳ ಹಳೆ ನೋಟ್‌ಬುಕ್ ತೆಗೆದರು. ಆಶಾ ಕಾರ್ಯಕರ್ತೆ ಬಂದಾಗೆಲ್ಲ ಬರೆಸಿಟ್ಟಿದ್ದರು. 150/90, 146/86, 148/88. ಇಂಥ ಹಾಳೆಗಾಗಿ ನಾನು ವಾರ್ಡಿನಲ್ಲಿ ದಿನಾ ಕೇಳುತ್ತಿರುತ್ತೇನೆ, ಸಿಗುವುದು ಅಪರೂಪ. ಕೊನೆಯ ಸಾಲಿನ ಪಕ್ಕದಲ್ಲಿ "ಮಾಮೂಲಿ ಸರಾಸರಿ 108" ಅಂತ ದೊಡ್ಡದಾಗಿ ಬರೆದುಕೊಟ್ಟೆ. ಈ ಕವರನ್ನು ಹೀಗೇ, ಒಂದನ್ನೂ ತೆಗೆಯದೆ, ಆಪರೇಷನ್‌ಗೆ ಮೊದಲು ಮತ್ತು ಕೊಡೋ ಡಾಕ್ಟ್ರ ಕೈಗೆ ಕೊಡಿ ಅಂದೆ. ಅವ್ವ ಪಟ್ಟಿಗಳನ್ನು ಒಂದೊಂದಾಗಿ ಎಣಿಸಿ ಒಳಗಿಟ್ಟು, ನೋಟ್‌ಬುಕ್ ಮಾತ್ರ ಸೆರಗಿನಲ್ಲಿ ಸುತ್ತಿಕೊಂಡರು.